ಒಂದೇ ಡ್ರಮ್ಮಿಗೆ ಸುರಿದರೆ ಜೋಡಿಯಾಗುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕೃಷಿ ಪುಟದಲ್ಲಿ ಹುಲ್ಲುಗಾವಲಿನ ಬೇರುಹುಳುಗಳ ಬಗ್ಗೆ ಒಂದು ಲೇಖನ ಬಂದಿತ್ತು. ವಿಷ ಸುರಿಯುವುದನ್ನು ಬಿಟ್ಟು, ಹುಳುಗಳಿಗೆ ರೋಗ ತರುವ ಜೀವಾಣುಗಳನ್ನು ಬಳಸಿ ಎಂಬುದು ಅದರ ತಿರುಳು. ಅಷ್ಟಕ್ಕೆ ನನ್ನ ತಕರಾರಿಲ್ಲ. ಆ ಮಾತಿನಿಂದಲೇ ಸಂಬಳ ಉಂಡವಳು ನಾನು. ತಕರಾರು ಇರುವುದು ಮೂರನೇ ಅಂಕಣದ ಒಂದು ವಾಕ್ಯದ ಮೇಲೆ. ಒಂದು ಜೀವಾಣು ನೂರಕ್ಕೆ 40 ಹುಳು ಕೊಲ್ಲುತ್ತದೆ, ಇನ್ನೊಂದು 50 ಕೊಲ್ಲುತ್ತದೆ, ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಯ್ದರೆ 90 ಸಾಯುತ್ತವೆ ಎಂದು ಬರೆದಿದ್ದೀರಿ. ಕೆಳಗೆ ಚೌಕಟ್ಟಿನಲ್ಲಿ ‘ಕೂಡಿ ಬಾಳಿದರೆ ಸ್ವರ್ಗ’ ಎಂಬ ತಲೆಬರಹ ಬೇರೆ.

ನಾನು ಕೀಟರೋಗಗಳ ಪ್ರಯೋಗಾಲಯವೊಂದರಲ್ಲಿ 31 ವರ್ಷ ಸಹಾಯಕಿಯಾಗಿದ್ದು ನಿವೃತ್ತಳಾದವಳು. ವಿಜ್ಞಾನಿ ಅಲ್ಲ. ವಿಜ್ಞಾನಿಗಳ ಪ್ರಬಂಧಗಳಲ್ಲಿ ‘ಹುಳುಗಳನ್ನು ಎಣಿಸಲಾಯಿತು’ ಎಂದು ಇರುತ್ತದಲ್ಲ, ಆ ‘ಎಣಿಸಲಾಯಿತು’ ನಾನು. ಆ ಅನುಭವದ ಮೇಲೆ ಈ ಕಾಗದ. ಉದ್ದವಾಗಿದೆ, ಕತ್ತರಿಸುವುದಾದರೆ ನನ್ನ ಪುರಾಣವನ್ನು ಕತ್ತರಿಸಿ, ಲೆಕ್ಕವನ್ನು ಬಿಡಿ.

ಮೊದಲು ಆ 90. ನೂರು ಹುಳು ಇವೆ ಎಂದುಕೊಳ್ಳಿ. ಮೊದಲ ಜೀವಾಣು 40 ಕೊಂದಿತು, 60 ಉಳಿದವು. ಎರಡನೆಯದಕ್ಕೆ ಅರ್ಧದಷ್ಟನ್ನು ಕೊಲ್ಲುವ ತಾಕತ್ತು, ಸರಿ. ಆದರೆ ಅದು ಮೊದಲನೆಯದು ಬಿಟ್ಟುಹೋದವನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹೇಗೂ ಸಾಯಲಿದ್ದ ಹುಳುವಿಗೂ ತಗಲುತ್ತದೆ, ಬದುಕಲಿದ್ದ ಹುಳುವಿಗೂ ತಗಲುತ್ತದೆ. ಉಳಿದ 60ರಲ್ಲಿ ಅರ್ಧ ಎಂದರೆ 30. ಒಟ್ಟು 70. ಎರಡೂ ಒಂದರ ಗೊಡವೆಗೆ ಒಂದು ಹೋಗದೆ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ ಸಿಗುವ ಸಂಖ್ಯೆ ಇದು. 70ಕ್ಕಿಂತ ಹೆಚ್ಚು ಸತ್ತರೆ ಒಂದಕ್ಕೊಂದು ನೆರವಾಗಿವೆ ಎಂದು ಹೇಳಬಹುದು. 70ಕ್ಕಿಂತ ಕಡಿಮೆ ಸತ್ತರೆ ಒಂದರ ಕಾಲನ್ನು ಇನ್ನೊಂದು ಎಳೆದಿದೆ. ಮೂರೂ ಬಗೆಯ ಜೋಡಿಗಳನ್ನು ನಾನು ಎಣಿಸಿದ್ದೇನೆ.

ಇನ್ನೂ ಒಂದು ಕಳೆಯುವ ಲೆಕ್ಕ ಇದೆ. ಏನನ್ನೂ ಹಾಕದೆ ಬಿಟ್ಟ ಹುಳುಗಳೂ ಸಾಯುತ್ತವೆ. ಅಗೆಯುವಾಗ ಸಲಿಕೆ ತಾಗಿದ್ದು, ಮಣ್ಣಿನಲ್ಲೇ ರೋಗ ಅಂಟಿಸಿಕೊಂಡು ಬಂದದ್ದು, ಸುಮ್ಮನೆ ಆಯುಷ್ಯ ಮುಗಿದದ್ದು. ಅವನ್ನು ಕಳೆದು ಉಳಿದದ್ದನ್ನು ಮಾತ್ರ ಮದ್ದಿನ ಲೆಕ್ಕಕ್ಕೆ ಸೇರಿಸಬೇಕು ಎಂದು ಅಬಟ್ ಎಂಬಾತ 1925ರಲ್ಲೇ ಸೂತ್ರ ಬರೆದಿಟ್ಟಿದ್ದಾನೆ. ನಿಮ್ಮ ಲೇಖನದ 40 ಮತ್ತು 50ರಲ್ಲಿ ತಾವಾಗಿ ಸತ್ತವು ಎಷ್ಟು? ಬರೆದಿಲ್ಲ. ಅವನ್ನು ಕಳೆದಿಲ್ಲವಾದರೆ ಕೂಡಿಸಿದ 90ರಲ್ಲಿ ಆ ಹೆಣಗಳು ಎರಡು ಸಲ ಎಣಿಕೆಯಾಗಿವೆ.

ಈಗ ಹುಳುವಿನ ವಿಷಯ. ಹುಲ್ಲುಗಾವಲಿನ ಬೇರುಹುಳು ಎಂದರೆ ದುಂಬಿಯ ಮರಿ. ಬಿಳಿ ಮೈ, ಕಂದು ತಲೆ, ಕೈಗೆತ್ತಿಕೊಂಡರೆ ಕೊಕ್ಕೆಯಂತೆ ಮುರುಟಿಕೊಳ್ಳುತ್ತದೆ. ನ್ಯೂಜಿಲೆಂಡಿನಲ್ಲಿ ಕಾಸ್ಟೆಲಿಟ್ರಾ, ಅಮೆರಿಕದಲ್ಲಿ ಜಪಾನಿ ದುಂಬಿ, ಯುರೋಪಿನಲ್ಲಿ ಮೆಲೊಲೊಂಥಾ, ಹೀಗೆ ನೆಲಕ್ಕೊಂದು ಜಾತಿ. ಕೆಲಸ ಎಲ್ಲದರದ್ದೂ ಒಂದೇ, ಮಣ್ಣಿನೊಳಗೆ ಕೂತು ಹುಲ್ಲಿನ ಬೇರು ಕತ್ತರಿಸುವುದು.

ನಮ್ಮಣ್ಣ ಹಸು ಸಾಕಿದ್ದಾನೆ. ಒಂದು ದಿನ ಫೋನ್ ಮಾಡಿ, “ಗಾವಲಲ್ಲಿ ಹುಲ್ಲು ಹಳದಿಯಾಗ್ತಿದೆ, ನೀರು ಕಟ್ಟಿದರೂ ಏಳ್ತಿಲ್ಲ, ನೀನೊಮ್ಮೆ ಬಂದು ನೋಡು” ಎಂದ. ಹೋದೆ. ದೂರದಿಂದಲೇ ಗೊತ್ತಾಯಿತು, ಹಕ್ಕಿಗಳು ಅಲ್ಲಲ್ಲಿ ನೆಲ ಕೆದಕಿ ಗುಳಿ ಮಾಡಿದ್ದವು. ಬಗ್ಗಿ ಒಂದು ಹಿಡಿ ಹುಲ್ಲು ಹಿಡಿದೆಳೆದೆ. ಬರೀ ಆ ಹಿಡಿ ಬರಲಿಲ್ಲ. ಚಾಪೆ ಸುತ್ತಿದ ಹಾಗೆ ಮೊಳದಗಲದ ಹೆಪ್ಪು ಎದ್ದು ಬಂತು. ಅಡಿಯಲ್ಲಿ ಬೇರೇ ಇಲ್ಲ, ಬೋಳಿಸಿದ ಹಾಗಿತ್ತು. ನಯವಾದ ಪುಡಿಮಣ್ಣಿನಲ್ಲಿ ಹುಳುಗಳು ಒಂದೊಂದೂ ತನ್ನ ಗೂಡಿನಲ್ಲಿ ಮುರುಟಿ ಮಲಗಿದ್ದವು. ಅಣ್ಣ ಒಂದನ್ನು ಎತ್ತಿ, “ಇಷ್ಟು ಮೆತ್ತಗಿರೋದು ಇಷ್ಟು ತಿನ್ನುತ್ತಾ?” ಎಂದ. ನಾನು 20 ಸೆಂಟಿಮೀಟರ್ ಚೌಕ ಗುರುತು ಮಾಡಿ ಸಲಿಕೆ ಇಳಿಸಿದೆ. ಆ ಚೌಕದಲ್ಲಿ ಸಿಕ್ಕ ಹುಳುಗಳನ್ನು 25ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ ಸಿಗುತ್ತದೆ. ಒಂದು ಗುಂಡಿ ಸಾಲದು; ಗಾವಲನ್ನು ಅಡ್ಡಡ್ಡ ದಾಟುತ್ತ ಹತ್ತಿಪ್ಪತ್ತು ಗುಂಡಿ ತೋಡಬೇಕು, ಯಾಕೆಂದರೆ ಹುಳು ಗುಂಪು ಗುಂಪಾಗಿರುತ್ತವೆ. ಒಂದು ಕಡೆ ತೋಡಿ ಏನೂ ಇಲ್ಲ ಎಂದವರನ್ನು, ಎರಡು ಹೆಜ್ಜೆ ಆಚೆ ತೋಡಿ ಸರ್ವನಾಶ ಎಂದವರನ್ನು ಇಬ್ಬರನ್ನೂ ನೋಡಿದ್ದೇನೆ.

ಇಂಥ ಹುಳುಗಳಿಗೆ ಕಾಯಿಲೆ ಬರುವ ದಾರಿ ಮುಖ್ಯವಾಗಿ ಎರಡು. ಬಾಯಿ, ಇಲ್ಲವೇ ಚರ್ಮ. ಜೋಡಿ ಕಟ್ಟುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ನಿಮ್ಮ ಲೇಖನದಲ್ಲಿ ಈ ಪ್ರಶ್ನೆಯೇ ಇಲ್ಲ.

ಬಾಯಿಂದ ಬರುವುದಕ್ಕೆ ಒಳ್ಳೆಯ ಉದಾಹರಣೆ ಸೆರಾಷಿಯಾ ಎಂಟಮೋಫಿಲಾ ಎಂಬ ಬ್ಯಾಕ್ಟೀರಿಯಾ. 1980ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಜಿಲೆಂಡಿನ ಗಾವಲುಗಳಲ್ಲಿ ಕಾಯಿಲೆಬಿದ್ದ ಬೇರುಹುಳುಗಳನ್ನು ಕೆದಕುತ್ತ ಹೋದಾಗ ಸಿಕ್ಕಿದ್ದು. 1990ರ ಹೊತ್ತಿಗೆ ಅಲ್ಲಿನ ರೈತರ ಕೈಗೆ ‘ಇನ್ವೇಡ್’ ಎಂಬ ಹೆಸರಿನ ದ್ರವವಾಗಿ ಬಂತು, ಆಮೇಲೆ ಹರಳಿನ ರೂಪದಲ್ಲೂ ಬಂತು. ಅದು ತರುವ ರೋಗಕ್ಕೆ ‘ಅಂಬರ್ ರೋಗ’ ಎಂದೇ ಹೆಸರು. ಯಾಕೆ ಎಂದು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಆರೋಗ್ಯವಂತ ಹುಳುವಿನ ಹಿಂಭಾಗ ಕಪ್ಪಗಿರುತ್ತದೆ, ಒಳಗಿರುವ ಮಣ್ಣು ಬೇರು ಎಲ್ಲ ತೆಳು ಚರ್ಮದಲ್ಲಿ ಕಾಣುತ್ತದೆ. ಈ ಬ್ಯಾಕ್ಟೀರಿಯಾವನ್ನು ನುಂಗಿದ ಹುಳು ಎರಡು ಮೂರು ದಿನದಲ್ಲಿ ತಿನ್ನುವುದನ್ನು ನಿಲ್ಲಿಸುತ್ತದೆ, ಕರುಳು ಬರಿದಾಗುತ್ತದೆ. ಕಪ್ಪು ಹೋಗಿ ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಆಚೆ ಈಚೆ ಕಾಣುವ ಹಾಗೆ. ಸಾಯುವುದು ಮಾತ್ರ ತಡ. ವಾರಗಟ್ಟಲೆ ಹಾಗೇ ಉಪವಾಸ ಇದ್ದು, ಕೊನೆಗೆ ಬ್ಯಾಕ್ಟೀರಿಯಾ ಕರುಳು ದಾಟಿ ರಕ್ತಕ್ಕೆ ಇಳಿದ ಮೇಲೆ ಸಾಯುತ್ತದೆ.

ಇದನ್ನು ಪರೀಕ್ಷೆ ಮಾಡುವ ಕ್ರಮ ಹೇಳುತ್ತೇನೆ, ಯಾಕೆಂದರೆ ನನ್ನ ಅರ್ಧ ಜೀವಮಾನ ಅದರಲ್ಲೇ ಹೋಯಿತು. ಸಣ್ಣ ಸಣ್ಣ ಕುಳಿಗಳಿರುವ ತಟ್ಟೆ. ಕುಳಿಗೊಂದೇ ಹುಳು, ಎರಡು ಹಾಕಿದರೆ ಒಂದನ್ನೊಂದು ಕಚ್ಚಿ ಗಾಯ ಮಾಡುತ್ತವೆ, ಗಾಯಕ್ಕೆ ಬೇರೇನೋ ಸೇರಿ ಸತ್ತರೆ ನಮ್ಮ ಲೆಕ್ಕ ಕೆಡುತ್ತದೆ. ಹುಳುವಿನ ಪಕ್ಕ ಒಂದು ಚೂರು ಕ್ಯಾರೆಟ್, ಅದಕ್ಕೆ ಬ್ಯಾಕ್ಟೀರಿಯಾ ಲೇಪ. ಮೊದಲ ದಿನ ಕ್ಯಾರೆಟ್ ತಿಂದಿದೆಯೋ ಎಂದು ನೋಡಬೇಕು, ತಿನ್ನದ ಹುಳುವಿಗೆ ಮದ್ದು ಹೋಗಿಲ್ಲ ಎಂದೇ ಅರ್ಥ. ಮೂರನೇ ದಿನ ಹೊಸ ಚೂರು ಇಡಬೇಕು, ಅದರಲ್ಲಿ ಹಲ್ಲಿನ ಗುರುತು ಇಲ್ಲದಿದ್ದರೆ ರೋಗ ಹಿಡಿದಿದೆ. ಸತ್ತದ್ದನ್ನಲ್ಲ, ತಿನ್ನದೆ ಬಿಟ್ಟದ್ದನ್ನು ಎಣಿಸುತ್ತಿದ್ದೆವು. ಹೊಸದಾಗಿ ಬಂದ ಹುಡುಗರು, “ಅಕ್ಕಾ, ಇದು ಇನ್ನೂ ಅಲ್ಲಾಡ್ತಾ ಇದೆ, ಮದ್ದು ಕೆಲಸ ಮಾಡಿಲ್ಲ” ಎಂದು ತಟ್ಟೆ ತೊಳೆಯಲು ಹೊರಡುತ್ತಿದ್ದರು. ಬಾಯಿ ಮುಚ್ಚಿದ ಹುಳು ಹುಲ್ಲಿಗೆ ಸತ್ತ ಹಾಗೇ ಲೆಕ್ಕ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಗುತ್ತಿತ್ತು.

ನಮ್ಮ ಎಡವಟ್ಟು ಆದದ್ದು ಇಲ್ಲೇ. ಇನ್ನೊಂದು ಬ್ಯಾಕ್ಟೀರಿಯಾ ಇದೆ, ಪೇನಿಬ್ಯಾಸಿಲಸ್ ಪೊಪಿಲಿಯೇ. ಅದು ತರುವುದು ಹಾಲುರೋಗ. ಹುಳುವಿನ ರಕ್ತದಲ್ಲಿ ಕೋಟಿಗಟ್ಟಲೆ ಬೀಜಕಗಳು ತುಂಬಿ ರಕ್ತ ಹಾಲಿನಂತಾಗುತ್ತದೆ. ಹಿಂಗಾಲು ಚಿವುಟಿದರೆ ತಿಳಿನೀರಿನ ಬದಲು ಬಿಳಿ ಹನಿ ಬಂದರೆ ಅದೇ ರೋಗ. ಅದೂ ಬಾಯಿಂದಲೇ ಒಳಗೆ ಹೋಗಬೇಕು. ಒಂದು ಸಲ ನಾವು ನಿಮ್ಮ ಲೇಖನದ ಹಾಗೇ ಯೋಚಿಸಿ, ಕರುಳಿನ ಬ್ಯಾಕ್ಟೀರಿಯಾವನ್ನೂ ಹಾಲುರೋಗದ ಬೀಜಕಗಳನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿ, ಮಣ್ಣು ತುಂಬಿದ ಟಬ್ಬುಗಳಿಗೆ ಹೊಯ್ದೆವು. ಒಂದು ಬಾಯಿ ಕಟ್ಟಲಿ, ಇನ್ನೊಂದು ರಕ್ತ ಕೆಡಿಸಲಿ ಎಂದು ನಮ್ಮ ಎಣಿಕೆ. ತಿಂಗಳು ಕಳೆದು ಟಬ್ಬು ಸುರಿದು ನೋಡಿದರೆ ಜೇನುಬಣ್ಣದವು ಬೇಕಾದಷ್ಟು ಇದ್ದವು. ಕಾಲು ಚಿವುಟಿ ಚಿವುಟಿ ಬೆರಳು ಸೋತರೂ ಹಾಲುಹನಿ ಬರಲೇ ಇಲ್ಲ ಎನ್ನಬೇಕು. ಬೀಜಕ ಮಾತ್ರ ಹಾಕಿದ ಟಬ್ಬಿನಲ್ಲಿ ಹಾಲುರೋಗ ಚೆನ್ನಾಗಿಯೇ ಬಂದಿತ್ತು. ನಮ್ಮ ಸರ್ ತಟ್ಟೆ ಮುಂದೆ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲನೆಯವನು ಬಾಗಿಲು ಹಾಕಿಕೊಂಡು ಬಿಟ್ಟ ಕಣಮ್ಮ, ಎರಡನೆಯವನು ಎಲ್ಲಿಂದ ಒಳಗೆ ಬರಬೇಕು?” ಎಂದರು. ಹಾಲುರೋಗದ ಬೀಜಕಗಳನ್ನು ಜೀವಂತ ಹುಳುಗಳಲ್ಲೇ ಬೆಳೆಸಿ, ಒಂದೊಂದರ ರಕ್ತ ತೆಗೆದು ಒಣಗಿಸಿ ಕೂಡಿಟ್ಟವಳು ನಾನು. ಅಷ್ಟೂ ಮಣ್ಣುಪಾಲು.

ಅಂದರೆ ಬಾಯಿಂದ ಹೋಗುವ ಎರಡು ರೋಗಗಳನ್ನು ಒಟ್ಟಿಗೆ ಕೊಟ್ಟರೆ, ಬೇಗ ಹಸಿವು ಕೆಡಿಸುವುದು ನಿಧಾನದ್ದಕ್ಕೆ ಅಡ್ಡಗಾಲು. ಬಾಯಿಯದೊಂದು, ಚರ್ಮದ್ದೊಂದು ಜೋಡಿ ಮಾಡಿದರೆ ಕತೆಯೇ ಬೇರೆ.

ಚರ್ಮದಿಂದ ಬರುವವು ಶಿಲೀಂಧ್ರಗಳು. ಹಸಿರು ಬೂಷ್ಟಿನ ಮೆಟಾರೈಜಿಯಂ, ಬಿಳಿ ಬೂಷ್ಟಿನ ಬ್ಯೂವೇರಿಯಾ. ಇವೇನು ಇವತ್ತಿನ ಸರಕಲ್ಲ. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗ ಒಂದು ಬೂಷ್ಟಿನಿಂದ ಬರುತ್ತದೆ ಎಂದು ಇಟಲಿಯ ಅಗೋಸ್ಟಿನೋ ಬಾಸ್ಸಿ 1835ರಲ್ಲೇ ತೋರಿಸಿದ, ಬ್ಯೂವೇರಿಯಾ ಬಾಸ್ಸಿಯಾನಾ ಎಂಬ ಹೆಸರಿನಲ್ಲಿ ಅವನೇ ಕೂತಿದ್ದಾನೆ. ಗೋಧಿಯ ದುಂಬಿಯ ಮರಿಗಳ ಮೇಲೆ ಹಸಿರು ಬೂಷ್ಟನ್ನು ಬಳಸಬಹುದು ಎಂದು ಜೀವವಿಜ್ಞಾನಿ ಮೆಚ್ನಿಕೋವ್ 1879ರಲ್ಲಿ, ಈಗಿನ ಉಕ್ರೇನಿನ ಒಡೆಸ್ಸಾದಲ್ಲಿ ಹೇಳಿದ. ಬೀಜಕ ಹುಳುವಿನ ಚರ್ಮಕ್ಕೆ ಅಂಟಬೇಕು, ಮೊಳೆಯಬೇಕು, ಕಿಣ್ವ ಸುರಿದು ಚರ್ಮ ಕರಗಿಸಿ ಒಳಗೆ ನುಗ್ಗಬೇಕು. ಇದಕ್ಕೆ ತೇವ ಬೇಕು, ಹದವಾದ ಬೆಚ್ಚಗೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಅಷ್ಟರಲ್ಲಿ ಹುಳು ಪೊರೆ ಕಳಚಿಬಿಟ್ಟರೆ ಅಂಟಿದ ಬೀಜಕಗಳೂ ಪೊರೆಯ ಜೊತೆ ಹೋದವು.

ನಿಜವಾದ ಸಹಾಯ ಇಲ್ಲಿ ಸಿಗುತ್ತದೆ. ಆಲೂಗಡ್ಡೆಯ ಕೊಲರಾಡೋ ದುಂಬಿಯ ಮೇಲೆ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ, ಕರುಳು ಕೆಡಿಸುವ ಬ್ಯಾಕ್ಟೀರಿಯಾ) ಮತ್ತು ಬ್ಯೂವೇರಿಯಾ ಎರಡನ್ನೂ ಕೊಟ್ಟು ನೋಡಿದ್ದಾರೆ, ತಮ್ಮ ಪಾಡಿಗೆ ತಾವು ಕೆಲಸ ಮಾಡಿದ್ದರೆ ಬರಬೇಕಾದ ಲೆಕ್ಕಕ್ಕಿಂತ ಹೆಚ್ಚು ಹುಳು ಸತ್ತಿವೆ. ಬಿಟಿ ತಿಂದ ಹುಳುವಿಗೆ ಹೊಟ್ಟೆ ಕೆಟ್ಟು ಬೆಳವಣಿಗೆ ನಿಧಾನವಾಗುತ್ತದೆ, ಪೊರೆ ಬಿಡುವುದು ತಡವಾಗುತ್ತದೆ, ಬೂಷ್ಟಿಗೆ ಒಳಗೆ ಇಳಿಯಲು ಬೇಕಾದ ದಿನಗಳು ಸಿಗುತ್ತವೆ. ಎಳೆಯ ಬೇರುಹುಳುವಿಗೂ ಇದೇ ತರ್ಕ ಹೊಂದುತ್ತದೆ. ಆದರೆ ಹುಲ್ಲಿಗೆ ಅತಿ ಹೆಚ್ಚು ಹಾನಿ ಮಾಡುವುದು ಮೂರನೇ ಹಂತದ ದೊಡ್ಡ ಹುಳು. ಅದು ಇನ್ನು ದುಂಬಿಯಾಗುವ ಮುಂಚಿನ ಕೋಶಾವಸ್ಥೆಗೆ ಹೋಗುವವರೆಗೆ ಪೊರೆ ಬಿಡುವುದೇ ಇಲ್ಲ, ಹಾಗಾಗಿ ಅದರ ಮೇಲೆ ಈ ಲಾಭವನ್ನು ಲೆಕ್ಕ ಹಿಡಿಯಬಾರದು. ಒಂದು ಹುಳುವಿನ ಮೇಲೆ ಕಂಡದ್ದನ್ನು ಇನ್ನೊಂದಕ್ಕೆ ಎತ್ತಿ ಅಂಟಿಸುವ ಮುಂಚೆ ಇಷ್ಟನ್ನಾದರೂ ನೋಡಬೇಕಲ್ಲ.

ಮೂರನೆಯವರು ನೆಮಟೋಡುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಜಂತು. ಇವು ಜೀವಾಣುಗಳಲ್ಲ, ಜೀವಾಣು ಹೊತ್ತು ತಿರುಗುವ ಹಮಾಲರು. ಹೆಟೆರೋರಾಬ್ಡಿಟಿಸ್ ಎಂಬುದರ ಕರುಳಿನಲ್ಲಿ ಫೋಟೋರಾಬ್ಡಸ್ ಬ್ಯಾಕ್ಟೀರಿಯಾ ಇರುತ್ತದೆ; ಜಂತು ಹುಳುವಿನ ಮೈಯೊಳಗೆ ಹೊಕ್ಕು ಅದನ್ನು ಇಳಿಸುತ್ತದೆ, ಹುಳು ಎರಡು ದಿನದಲ್ಲಿ ಸತ್ತು ಇಟ್ಟಿಗೆಯಂತೆ ಕೆಂಪಾಗುತ್ತದೆ. ಆ ಬ್ಯಾಕ್ಟೀರಿಯಾ ಕತ್ತಲಲ್ಲಿ ಮಿನುಗುತ್ತದೆ. ನಾನು ನಂಬಿರಲಿಲ್ಲ. ಒಂದು ಸಂಜೆ ಸತ್ತ ಹುಳುಗಳ ತಟ್ಟೆ ಹಿಡಿದು ಕಿಟಕಿಯಿಲ್ಲದ ಕೋಣೆಯಲ್ಲಿ ದೀಪ ಆರಿಸಿ ಕೂತೆ. ಹತ್ತು ನಿಮಿಷ ಏನೂ ಇಲ್ಲ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ತಟ್ಟೆಯಲ್ಲಿ ಒಂದೊಂದೇ ಹುಳು ನಸುಹಸಿರಾಗಿ ಎದ್ದು ಕಂಡಿತು. ಮಗಳಿಗೆ ತೋರಿಸಬೇಕಿತ್ತು ಅಂದುಕೊಂಡೆ.

ದೊಡ್ಡ ಬೇರುಹುಳು ಸುಮ್ಮನೆ ಮಲಗಿ ಜಂತುವಿಗೆ ಮೈ ಕೊಡುವುದಿಲ್ಲ. ಕಾಲಿನಿಂದ ಉಜ್ಜಿ ಕೆಡವುತ್ತದೆ, ಜಾಗ ಬಿಟ್ಟು ಸರಿಯುತ್ತದೆ. ಈಗಾಗಲೇ ಕಾಯಿಲೆ ಬಿದ್ದು ಸೋತ ಹುಳು ಉಜ್ಜಲಾರದು. ಹಾಲುರೋಗ ಹತ್ತಿದ ಹುಳುಗಳಿಗೆ ನೆಮಟೋಡ್ ಸುಲಭವಾಗಿ ಹೊಕ್ಕಿದ್ದನ್ನು ಅಮೆರಿಕದಲ್ಲಿ ದಾಖಲಿಸಿದ್ದಾರೆ. ಜಪಾನಿನಿಂದ ಬಂದ ‘ಬುಯಿಬುಯಿ’ ಎಂಬ ಬಿಟಿ ತಳಿಯನ್ನು ಮೊದಲು ಕೊಟ್ಟು, ಒಂದು ವಾರವಾದರೂ ಬಿಟ್ಟು ನೆಮಟೋಡ್ ಕೊಟ್ಟಾಗ ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿ ಕೂಡಿಬಂತು. ಬೆಲ್ಜಿಯಂನಲ್ಲಿ ಹೋಪ್ಲಿಯಾ ಎಂಬ ದುಂಬಿಯ ಮರಿಗಳ ಮೇಲೆ ಮೆಟಾರೈಜಿಯಂ ಮತ್ತು ನೆಮಟೋಡ್ ಜೋಡಿ ಮಾಡಿದರು. ಅಲ್ಲೂ ಬೂಷ್ಟನ್ನು ಮೂರು ನಾಲ್ಕು ವಾರ ಮೊದಲು ಕೊಟ್ಟಾಗಲೇ ಲೆಕ್ಕಕ್ಕಿಂತ ಹೆಚ್ಚು ಹುಳು ಸತ್ತದ್ದು.

ಆ ಮೂರು ನಾಲ್ಕು ವಾರವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಡ್ರಮ್ಮಿನಲ್ಲಿ ಕಲಸಿದರೆ ಆ ವಾರಗಳು ಎಲ್ಲಿ ಹೋದವು? ಎರಡೂ ಒಂದೇ ದಿನ ಒಂದೇ ಹುಳುವಿಗೆ ಹೊಕ್ಕರೆ ಮುಂದೆ ನಡೆಯುವುದು ಹೆಣದ ಪಾಲಿಗಾಗಿ ಜಗಳ. ಫೋಟೋರಾಬ್ಡಸ್ ತನ್ನ ಆಸ್ತಿಯನ್ನು ಕಾಯಲು ಆಂಟಿಬಯೋಟಿಕ್ ಸುರಿಸುತ್ತದೆ, ಬೂಷ್ಟು ಬೆಳೆಯದಂತೆ ತಡೆಯುತ್ತದೆ. ಬೂಷ್ಟೇನೂ ಸಾಧುವಲ್ಲ; ಬ್ಯೂವೇರಿಯಾ ಊಸ್ಪೋರೀನ್ ಎಂಬ ಕೆಂಪು ವಸ್ತು ಬಿಟ್ಟು ಬ್ಯಾಕ್ಟೀರಿಯಾವನ್ನು ಹತ್ತಿರ ಸೇರಿಸುವುದಿಲ್ಲ. ಯಾರು ಮೊದಲು ಬಂದರೋ ಹೆಣ ಅವರದು. ಹುಳು ಹೇಗೂ ಸತ್ತಿತಲ್ಲ, ಯಾರಿಗೆ ದಕ್ಕಿದರೇನು ಎನ್ನಬಹುದು. ದಕ್ಕದವರ ಮುಂದಿನ ಪೀಳಿಗೆ ಆ ಹೆಣದಿಂದ ಹುಟ್ಟುವುದಿಲ್ಲ, ಅಷ್ಟೇ. ಮುಂದಿನ ವರ್ಷದ ಹುಳುಗಳಿಗೆ ಮಣ್ಣಿನಲ್ಲಿ ಕಾದು ಕೂರಬೇಕಾದದ್ದು ಆ ಪೀಳಿಗೆ.

ಹುಲ್ಲುಗಾವಲಿಗೂ ತೋಟಕ್ಕೂ ಇರುವ ವ್ಯತ್ಯಾಸವೇ ಇದು. ತೋಟದ ಬೆಳೆಯ ಆದಾಯದಲ್ಲಿ ವರ್ಷಕ್ಕೆ ನಾಲ್ಕು ಸಲ ಮದ್ದು ಹಾಕಬಹುದು. ಗಾವಲಿನಲ್ಲಿ ಅದು ಆಗದ ಮಾತು, ಒಮ್ಮೆ ಹಾಕಿದ್ದು ನೆಲದಲ್ಲಿ ಬೇರೂರಿ ತಾನೇ ಹಬ್ಬಬೇಕು. ಹಬ್ಬುತ್ತದೆ ಕೂಡ, ಯಾಕೆಂದರೆ ಗಾವಲನ್ನು ವರ್ಷವರ್ಷ ಉಳುವುದಿಲ್ಲ, ಹುಲ್ಲಿನ ನೆರಳಿಗೆ ಬಿಸಿಲು ಮಣ್ಣಿಗೆ ತಾಗುವುದಿಲ್ಲ. ನ್ಯೂಜಿಲೆಂಡಿನಲ್ಲಿ ಹೊಸದಾಗಿ ಬಿತ್ತಿದ ಗಾವಲುಗಳಲ್ಲಿ ಎರಡರಿಂದ ನಾಲ್ಕನೇ ವರ್ಷದೊಳಗೆ ಹುಳು ತುತ್ತತುದಿಗೇರಿ, ಆಮೇಲೆ ರೋಗಗಳು ಬೆಳೆದು ತಾನೇ ಇಳಿಯುವುದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಹುಲ್ಲು ತಿನ್ನುವ ಪೊರೀನಾ ಕಂಬಳಿಹುಳುವಿಗೂ ಅಲ್ಲಿ ಒಂದು ವೈರಸ್ ಇದೆ, ಹಳೆಯ ಗಾವಲುಗಳಲ್ಲಿ ಅದು ಹೆಚ್ಚು. ಉತ್ತು ಮಗುಚಿದರೆ ಆ ಆಸ್ತಿಯೂ ಮಗುಚಿ ಹೋಗುತ್ತದೆ. ಅಂದರೆ ಹಳೆಯ ಗಾವಲಿನ ಮಣ್ಣು ಮೊದಲೇ ಒಂದು ಜೋಡಿಯಲ್ಲ, ದೊಡ್ಡ ಕೂಡುಕುಟುಂಬ. ಅದೇ ದೇಶದಲ್ಲಿ ಹಿಂದೆ ರಸಗೊಬ್ಬರದ ಜೊತೆ ಡಿಡಿಟಿ ಬೆರೆಸಿ ಗಾವಲಿಗೆ ಎರಚುತ್ತಿದ್ದರು. ಮಾಂಸ, ಹಾಲಿನ ಕೊಬ್ಬಿನಲ್ಲಿ ಅದರ ಶೇಷ ಕಂಡು 1970ರ ಹೊತ್ತಿಗೆ ಗಾವಲಿನಲ್ಲಿ ಬಳಕೆಗೆ ತಡೆ ಬಿತ್ತು. ವಿಷ ಆರೋಗ್ಯದ ಹುಳುವನ್ನೂ ಕೊಲ್ಲುತ್ತದೆ, ರೋಗ ಹೊತ್ತ ಹುಳುವನ್ನೂ ಕೊಲ್ಲುತ್ತದೆ, ಆಮೇಲೆ ಬರುವ ಹುಳುಗಳಿಗೆ ರೋಗ ಹಬ್ಬಿಸುವವರು ಯಾರೂ ಇರುವುದಿಲ್ಲ.

ಇದೇ ಕಾರಣಕ್ಕೆ ವೇಗದ್ದು ಮತ್ತು ನಿಧಾನದ್ದರ ಜೋಡಿಯನ್ನೂ ಹುಷಾರಾಗಿ ಕಟ್ಟಬೇಕು. ಯೆರ್ಸಿನಿಯಾ ಎಂಟಮೋಫಾಗಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅದೇ ಬೇರುಹುಳುವಿನಿಂದ ಸಿಕ್ಕಿದ್ದು, 2011ರಲ್ಲಿ ಹೆಸರಿಟ್ಟರು. ಅದು ಎರಡು ಮೂರು ದಿನದಲ್ಲೇ ಕೊಲ್ಲುತ್ತದೆ, ಬೇರೆ ಬೇರೆ ಜಾತಿಯ ಕೀಟಗಳಿಗೂ ತಗಲುತ್ತದೆ. ಸೆರಾಷಿಯಾ ಒಂದೇ ಜಾತಿಯ ಹುಳುವಿಗೆ ಅಂಟಿಕೊಂಡದ್ದು, ನಿಧಾನ. ಹುಲ್ಲು ಕಣ್ಣೆದುರೇ ಒಣಗುತ್ತಿದ್ದರೆ ವೇಗದ್ದು ಬೇಕೆನಿಸುವುದು ಸಹಜ. ಆದರೆ ಜೇನುಬಣ್ಣದ ಹುಳು ವಾರಗಟ್ಟಲೆ ಬದುಕಿ ಬ್ಯಾಕ್ಟೀರಿಯಾ ಬೆಳೆಸುವ ಗೂಡು. ಗೂಡನ್ನೇ ಮೂರು ದಿನದಲ್ಲಿ ಕೆಡವಿದರೆ ನಿಧಾನದ್ದು ಎಲ್ಲಿ ಬೆಳೆಯಬೇಕು? ಗಾವಲಿನ ಒಂದು ಭಾಗಕ್ಕೆ ವೇಗದ್ದು, ಹುಳು ಇನ್ನೂ ಕಡಿಮೆ ಇರುವ ಭಾಗಕ್ಕೆ ನಿಧಾನದ್ದು ಎಂದು ಹಂಚುವುದೂ ಜೋಡಿ ಮಾಡುವುದೇ. ನನ್ನ ಮಟ್ಟಿಗೆ ಅದೇ ಜಾಣತನ. ತಜ್ಞರು ಒಪ್ಪದಿದ್ದರೆ ಬರೆಯಲಿ, ಓದುತ್ತೇನೆ.

ತಾಳ್ಮೆಗೆಟ್ಟರೆ ಏನಾಗುತ್ತದೆ ಎಂದು ಹೇಳಿದ್ದಾಯಿತು. ತಾಳ್ಮೆಯೊಂದೇ ಸಾಲದು ಎನ್ನುವುದಕ್ಕೂ ಒಂದು ಉದಾಹರಣೆ ಕೊಡಬೇಕು, ಇಲ್ಲದಿದ್ದರೆ ಜೀವಾಣುಗಳ ವಕಾಲತ್ತು ಮಾಡಿದಂತಾಗುತ್ತದೆ. ಜಪಾನಿ ದುಂಬಿ ಅಮೆರಿಕದ ನ್ಯೂಜೆರ್ಸಿಯಲ್ಲಿ 1916ರಲ್ಲಿ ಕಂಡಿತು. ಹಾಲುರೋಗದ ಬೀಜಕದ ಪುಡಿಯನ್ನು ಅಲ್ಲಿನ ಸರ್ಕಾರ 1939ರಿಂದ 1953ರವರೆಗೆ ಪೂರ್ವದ ರಾಜ್ಯಗಳಲ್ಲೆಲ್ಲ ಹುಲ್ಲುನೆಲಕ್ಕೆ ಹಾಕಿಸಿತು. ಬೀಜಕ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಕೆಲವು ಕಡೆ ಚೆನ್ನಾಗಿ ಹಿಡಿಯಿತು. ಕೆಲವು ಕಡೆ ಹಿಡಿಯಲೇ ಇಲ್ಲ. ಜೀವಂತ ಹುಳುವಿನಲ್ಲೇ ಬೆಳೆಸಬೇಕಾದ್ದರಿಂದ ಬೇಕಾದಷ್ಟು ತಯಾರಿಸುವುದೂ ಕಷ್ಟ. ಕಟ್ಟುಕತೆ ಬೇಡ, ಒಂಟಿಯಾಗಿ ಯಾವುದೂ ಎಲ್ಲ ಕಡೆ ಗೆದ್ದಿಲ್ಲ ಎಂಬುದರಿಂದಲೇ ಜೋಡಿಯ ಮಾತು ಹುಟ್ಟಿದ್ದು.

ಕೊಳ್ಳುವವರು ಪೊಟ್ಟಣದ ಮೇಲೆ ಏನು ನೋಡಬೇಕು ಎಂದು ನಿಮ್ಮ ಲೇಖನದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು. ಜಾತಿಯ ಹೆಸರು ಸಾಲದು, ತಳಿಯ ಗುರುತು ಬೇಕು. ಸೆರಾಷಿಯಾದಲ್ಲೇ ರೋಗ ತರುವ ಶಕ್ತಿ ಇರುವುದು ಒಂದು ಪ್ಲಾಸ್ಮಿಡ್ಡಿನಲ್ಲಿ, ಅಂದರೆ ಬ್ಯಾಕ್ಟೀರಿಯಾದ ಮೂಲ ಕ್ರೋಮೋಸೋಮಿಗೆ ಹೊರತಾಗಿ ಇರುವ ಡಿಎನ್‌ಎ ಉಂಗುರದಲ್ಲಿ. ಅದಿಲ್ಲದ ಸೆರಾಷಿಯಾ ಮಣ್ಣಿನಲ್ಲಿ ಸಾಧುವಾಗಿ ಬದುಕಿಕೊಂಡಿರುತ್ತದೆ, ಹುಳು ಅದನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಹೆಸರು ಒಂದೇ. ಇನ್ನು ಸೆರಾಷಿಯಾಕ್ಕೆ ಬೀಜಕ ಕಟ್ಟುವ ಗುಣ ಇಲ್ಲ, ಹಾಗಾಗಿ ದ್ರವ ರೂಪದ್ದು ತಂಪಿನಲ್ಲಿ ಇಡದಿದ್ದರೆ ಸಾಯುತ್ತದೆ. ಬೂಷ್ಟಿನ ಬೀಜಕಕ್ಕೆ ಬಿಸಿಲೇ ಶತ್ರು. ಹುಲ್ಲಿನ ಮೇಲೆ ಎರಚಿ ಬಂದರೆ ಎರಚಿದ ಶ್ರಮ ಮಾತ್ರ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನವರು ಮೆಲೊಲೊಂಥಾ ಹುಳುವಿಗೆ ಬಾರ್ಲಿ ಕಾಳಿನ ಮೇಲೆ ಬ್ಯೂವೇರಿಯಾ ಬೆಳೆಸಿ, ಆ ಕಾಳನ್ನು ಕೂರಿಗೆಯಂಥ ಯಂತ್ರದಿಂದ ಹುಲ್ಲಿನ ಬೇರಿನ ಮಟ್ಟಕ್ಕೆ ಇಳಿಸುತ್ತಾರೆ. ಎರಡು ಜೀವಾಣುಗಳ ಮಿಶ್ರಣ ಎಂದು ಮಾರುವ ಪೊಟ್ಟಣವಾದರೆ ಒಂದೊಂದರ ಜೀವಂತ ಎಣಿಕೆ ಬೇರೆ ಬೇರೆ ಬರೆದಿರಬೇಕು, ಪೊಟ್ಟಣದೊಳಗೆ ಒಂದು ಇನ್ನೊಂದನ್ನು ಮುಗಿಸಿಲ್ಲ ಎಂದು ಅವಧಿ ಮುಗಿಯುವ ದಿನದ ಎಣಿಕೆಯೂ ಇರಬೇಕು. ನಾನು ಒಂದು ಮಿಶ್ರಣವನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದ್ದೆ. ಚೀಟಿಯಲ್ಲಿ ಮೂರು ಹೆಸರು, ತಟ್ಟೆಯಲ್ಲಿ ಒಂದೇ ಬಗೆಯ ಚುಕ್ಕೆ.

ಅಣ್ಣನಿಗೆ ನಾನು ಎರಡು ಡಬ್ಬ ಬೇರೆ ಬೇರೆ ಕೊಟ್ಟಿದ್ದೇನೆ. ಒಂದರ ಮುಚ್ಚಳದ ಮೇಲೆ ‘ಈಗ’ ಎಂದು ಬರೆದಿದೆ, ಅದು ಬೂಷ್ಟಿನ ಕಾಳು. ಇನ್ನೊಂದು ನೆಮಟೋಡ್, ಅದರ ಮೇಲೆ ನಾಲ್ಕು ವಾರದ ಆಚೆಯ ತಾರೀಖು. “ಎರಡೂ ಇವತ್ತೇ ಹಾಕಿ ಮುಗಿಸಿದರೆ ನಿನ್ನ ಗಂಟೇನು ಹೋಗುತ್ತೆ?” ಎಂದ. ಈ ಕಾಗದದಲ್ಲಿ ಬರೆದದ್ದನ್ನೆಲ್ಲ ಅವನಿಗೂ ಹೇಳಿದೆ, ನಡುವೆ ಎರಡು ಸಲ ಎದ್ದು ಹಸು ನೋಡಿ ಬಂದ. ಕೊನೆಗೆ ಒಪ್ಪಿದ. ಗಾವಲಿನ ಪೂರ್ವದ ಅಂಚಿನಲ್ಲಿ ಹತ್ತು ಹೆಜ್ಜೆ ಅಗಲದ ಪಟ್ಟಿಗೆ ಏನನ್ನೂ ಹಾಕಬಾರದು ಎಂದಾಗ ಮಾತ್ರ ಮುಖ ಹುಳ್ಳಗೆ ಮಾಡಿದ. ಅಲ್ಲಿನ ಹುಲ್ಲೇನು ಪಾಪ ಮಾಡಿದೆ ಎಂದು ಅವನ ಪ್ರಶ್ನೆ. ಆ ಪಟ್ಟಿ ಇಲ್ಲದಿದ್ದರೆ ಹುಳು ಮದ್ದಿಗೆ ಸತ್ತವೋ ತಾವಾಗಿ ಸತ್ತವೋ ಯಾವ ದೇವರಿಗೂ ಗೊತ್ತಾಗುವುದಿಲ್ಲ ಎಂದೆ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮುಂದಿನ ಕೃಷಿ ಪುಟದಲ್ಲಿ ‘90 ಅಲ್ಲ, 70’ ಎಂದು ತಿದ್ದುಪಡಿ ಹಾಕಿ. ಒಂದೇ ಡ್ರಮ್ಮಿನಲ್ಲಿ ಕಲಸಿ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಲೇಖನ ಓದಿ ಈಗಾಗಲೇ ಕಲಸಿಟ್ಟವರು ಇದ್ದರೆ ಆ ಡ್ರಮ್ಮನ್ನು ಪೂರ್ತಿ ಗಾವಲಿಗೆ ಹಾಕದೆ ಒಂದು ಮೂಲೆಯಲ್ಲಿ ಹಾಕಿ, ಬೇರೆ ಕಡೆ ಒಂದೊಂದನ್ನೇ ಬೇರೆ ಬೇರೆ ಹಾಕಿ, ಒಂದು ಪಟ್ಟಿ ಖಾಲಿ ಬಿಟ್ಟು, ಆರು ವಾರದ ಮೇಲೆ ಸಲಿಕೆ ಹಿಡಿದು ಎಣಿಸಿ ನಿಮಗೇ ಬರೆಯಲಿ. ನಾನು ಹೇಳಿದ್ದು ಅವರ ಮಣ್ಣಿನಲ್ಲಿ ಸುಳ್ಳಾದರೆ ಅದನ್ನೂ ಅಚ್ಚು ಹಾಕಿ.

ಅಣ್ಣನ ಪಟ್ಟಿಗೆ ನಾಲ್ಕು ಗೂಟ ಹೊಡೆದು ಬಂದಿದ್ದೆ. ನಿನ್ನೆ ಫೋನ್ ಮಾಡಿ, ಒಂದನ್ನು ಹಸು ಕಿತ್ತುಹಾಕಿತು ಎಂದ. ಮೂರು ಇದ್ದರೆ ಸಾಕು, ನಾಲ್ಕನೆಯದು ಎಲ್ಲಿತ್ತೆಂದು ಹೆಜ್ಜೆ ಹಾಕಿ ಹಿಡಿಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹುಳು ಎಣಿಸಿದವಳು
(ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆ ಹಾಳೆಯಲ್ಲಿ ಕಳಿಸಿದ್ದೇನೆ, ಅಚ್ಚು ಹಾಕುವುದು ಬೇಡ)